ನೀಲಿಹಲ್ಲಿನ ರಾಜ

ಬ್ಲೂಟೂತ್ ಎಂಬ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಅದು ಒಬ್ಬ ರಾಜನ ಅಡ್ಡಹೆಸರು, ಆತ ಸತ್ತು ಸಾವಿರ ವರ್ಷ ದಾಟಿತು ಎಂದರೆ ಎಷ್ಟು ಜನ ನಂಬುತ್ತೀರಿ? ನಾನೂ ಮೊದಲು ನಂಬಲಿಲ್ಲ.

ವಿಷಯ ಶುರುವಾದದ್ದು ನನ್ನ ಸೋದರಮಾವನ ಕಾರಿನಿಂದ. ಮಾವ ಬಾಡಿಗೆ ಕಾರು ಓಡಿಸುತ್ತಾರೆ. ಹೋದ ಮಳೆಗಾಲ ಶಿರಾಡಿ ಘಾಟಿ ಇಳಿಯುವಾಗ ಫೋನ್ ಬಂತೂಂತ ಒಂದು ಕೈಯಲ್ಲಿ ಎತ್ತಿದ್ದಾರೆ, ತಿರುವಿನಲ್ಲಿ ಎದುರಿಗೇ ಲಾರಿ. ಕೂದಲೆಳೆಯಲ್ಲಿ ಉಳಿದರು. ಅತ್ತೆ ಆವತ್ತು ಊಟ ಮಾಡಲಿಲ್ಲ. ಕಾರಿನ ಸೆಟ್ಟಿಗೆ ಫೋನ್ ಜೋಡಿಸುವವರೆಗೆ ಗಾಡಿ ಮುಟ್ಟಕೂಡದು ಎಂದು ಹಠ ಹಿಡಿದರು. ಆ ಕೆಲಸ ನನ್ನ ತಲೆಗೆ ಬಿತ್ತು. ಹಳೇ ಸೆಟ್ಟು, ಹೊಸ ಫೋನು. ಕರೆಯೇನೋ ಸ್ಪೀಕರಿನಲ್ಲಿ ಕೇಳಿಸಿತು, ಹಾಡು ಮಾತ್ರ ಜಪ್ಪಯ್ಯ ಅಂದ್ರೂ ಬರಲಿಲ್ಲ. ರಿಪೇರಿ ಅಂಗಡಿಯವರು ಕಾರಣ ಹೇಳಿದರು. ಬ್ಲೂಟೂತಿನಲ್ಲಿ ಕರೆಗೆ ಒಂದು ಪ್ರೊಫೈಲು, ಹಾಡಿಗೆ ಇನ್ನೊಂದು ಪ್ರೊಫೈಲು ಇರುತ್ತದಂತೆ. ಫೋನು, ಸೆಟ್ಟು ಎರಡಕ್ಕೂ ಅದು ಗೊತ್ತಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ನಮ್ಮ ಸೆಟ್ಟಿಗೆ ಗೊತ್ತಿದ್ದದ್ದು ಕರೆಯದು ಒಂದೇ. ಇದಕ್ಕೆ ಹಲ್ಲಿನ ಹೆಸರು ಯಾಕೆ ಅಂತ ಕೇಳಿದೆ. ಅವರು ನಕ್ಕು ಸುಮ್ಮನಾದರು. ಕೊನೆಗೆ ವಿಜ್ಞಾನದ ಮೇಡಂ ಹತ್ತಿರ ಹೋದಾಗ ಅವರು ನನ್ನಿಂದಲೇ ಹುಡುಕಿಸಿ ಓದಿಸಿದರು. ಓದಿದ್ದನ್ನು ನಿಮಗೆ ಹೇಳುತ್ತೇನೆ.

ರಾಜನ ಹೆಸರು ಹರಾಲ್ಡ್. ದೇಶ ಡೆನ್ಮಾರ್ಕ್, ಯುರೋಪಿನ ಉತ್ತರದಲ್ಲಿ ಕಡಲ ನಡುವೆ ಚಾಚಿಕೊಂಡ ನಾಡು. ತಂದೆ ಗೋರ್ಮ್, ತಾಯಿ ಥೈರಾ. ಗೋರ್ಮ್ ತೀರಿಹೋದದ್ದು ಸುಮಾರು 958ರಲ್ಲಿ. ಆಗ ಹರಾಲ್ಡ್ ಪಟ್ಟಕ್ಕೆ ಬಂದ. ಅವರದು ವೈಕಿಂಗ್ ಜನ. ಹಡಗಿನಲ್ಲಿ ಹೋಗಿ ವ್ಯಾಪಾರವನ್ನೂ ಮಾಡುವರು, ಲೂಟಿಯನ್ನೂ ಮಾಡುವರು. ಹಾಗಾಗಿ ಇವನನ್ನು ನಾನು ಸಾಧು ಎಂದು ಹೇಳಲಾರೆ.

ಯೆಲ್ಲಿಂಗ್ ಎಂಬ ಊರಲ್ಲಿ ಹರಾಲ್ಡ್ ತಂದೆತಾಯಿಯ ನೆನಪಿಗೆ ದೊಡ್ಡದೊಂದು ಬಂಡೆ ನಿಲ್ಲಿಸಿ ರೂನ್ ಎಂಬ ಲಿಪಿಯಲ್ಲಿ ಬರೆಸಿದ. ನಮ್ಮ ಕಡೆ ವೀರಗಲ್ಲು, ಶಾಸನ ಇರುತ್ತವಲ್ಲ, ಹಾಗೆ ಅಂದುಕೊಳ್ಳಿ. ತೂಕ ಸುಮಾರು ಹತ್ತು ಟನ್ನು. ತಾನು ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಅಪ್ಪ ಅಮ್ಮನ ಕಲ್ಲಿನಲ್ಲಿ ತನ್ನ ಹೊಗಳಿಕೆಯೇ ಜಾಸ್ತಿ! ನಾರ್ವೆಯಂತೂ ಅವನ ಕೈಯಲ್ಲಿ ಪೂರ್ತಿ ನಿಲ್ಲಲಿಲ್ಲ. ಅಲ್ಲಿ ಅವನ ಕೆಳಗೆ ಆಳುತ್ತಿದ್ದ ಹಾಕೋನ್ ಎಂಬ ಸರದಾರ ಆಮೇಲೆ ತಿರುಗಿಬಿದ್ದ.

ಸುಮಾರು 965ರಲ್ಲಿ ಅವನು ಮತ ಬದಲಿಸಿದ. ಪೊಪ್ಪೊ ಎಂಬ ಪಾದ್ರಿ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದರೂ ಸುಡಲಿಲ್ಲವಂತೆ, ಅದನ್ನು ನೋಡಿ ರಾಜ ಒಪ್ಪಿದನಂತೆ. ಇದು ಆ ಕಾಲದವರು ಬರೆದಿಟ್ಟ ಕಥೆ. ದಕ್ಷಿಣದಲ್ಲಿ ಜರ್ಮನ್ ಚಕ್ರವರ್ತಿ ಕಾದು ಕೂತಿದ್ದ, ಮತ ಬದಲಿಸಿದರೆ ದಂಡೆತ್ತಿ ಬರಲು ಅವನಿಗೆ ಒಂದು ನೆಪ ಕಡಿಮೆ ಎಂದು ಮೇಡಂ ಹೇಳಿದರು. ನನಗೆ ಅದೇ ಸರಿ ಅನ್ನಿಸಿತು. ಆದರೂ 974ರಲ್ಲಿ ಯುದ್ಧ ತಪ್ಪಲಿಲ್ಲ, ಹರಾಲ್ಡ್ ಸೋತ. ಕಳೆದುಕೊಂಡದ್ದನ್ನು ಮರಳಿ ಪಡೆಯಲು 983ರವರೆಗೆ ಕಾಯಬೇಕಾಯಿತು. ಯೆಲ್ಲಿಂಗಿನ ಗುಡ್ಡೆಯೊಳಗೆ ಗೋರ್ಮನದು ಎನ್ನಲಾದ ಗೋರಿ ಖಾಲಿಯಾಗಿ ಸಿಕ್ಕಿದೆ. ಪಕ್ಕದ ಚರ್ಚಿನ ನೆಲದಡಿ ಒಬ್ಬ ಗಂಡಸಿನ ಮೂಳೆಗಳು ಸಿಕ್ಕಿವೆ. ಹೊಸ ಮತಕ್ಕೆ ಸೇರಿದ ಮಗ ಅಪ್ಪನ ದೇಹವನ್ನೂ ಅಲ್ಲಿಗೆ ಒಯ್ದಿರಬೇಕು ಎಂದು ಕೆಲವು ಪಂಡಿತರು ಊಹಿಸುತ್ತಾರೆ.

ನನಗೆ ಬಹಳ ಹಿಡಿಸಿದ್ದು ಅವನ ಸೇತುವೆ. ಸುಮಾರು 980ರಲ್ಲಿ ರಾವ್ನಿಂಗ್ ಎಂಬಲ್ಲಿ ಕೆಸರುಗದ್ದೆಯಂಥ ಹೊಳೆಬಯಲಿನ ಮೇಲೆ ಓಕ್ ಮರದ್ದು ಕಟ್ಟಿಸಿದ. ಉದ್ದ ಸುಮಾರು 760 ಮೀಟರ್, ಅಗಲ 5 ಮೀಟರ್. ನಮ್ಮ ಶಾಲೆಯ ಮೈದಾನವನ್ನು ಏಳೆಂಟು ಸಲ ಉದ್ದಕ್ಕೆ ಜೋಡಿಸಿದ ಹಾಗೆ! ಅದೇ ಕಾಲದಲ್ಲಿ ಕೈವಾರ ಇಟ್ಟು ಗೀರಿದಂತೆ ಗುಂಡಗಿನ ಕೋಟೆಗಳೂ ಎದ್ದವು, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. 2023ರಲ್ಲಿ ಅಂಥ ಐದು ಕೋಟೆಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಆದರೆ ಸೇತುವೆಯನ್ನು ಒಮ್ಮೆಯೂ ದುರಸ್ತಿ ಮಾಡಿದ ಗುರುತಿಲ್ಲ. ಕೋಟೆಗಳೂ ಬೇಗನೆ ಪಾಳುಬಿದ್ದವು. ಇಷ್ಟನ್ನೆಲ್ಲ ಕಟ್ಟಲು ಎಷ್ಟು ಕಾಡು ಕಡಿದರೋ, ಜನ ಎಷ್ಟು ಬಿಟ್ಟಿ ದುಡಿದರೋ.

ಆಮೇಲೆ ಮಗ ಸ್ವೇನನೇ ಅವನ ಮೇಲೆ ದಂಗೆ ಎದ್ದ. ಮುದುಕ ರಾಜ ಸೋತು, ಗಾಯಗೊಂಡು, ಈಗಿನ ಪೋಲೆಂಡಿನ ಕಡಲ ದಂಡೆಗೆ ಓಡಿಹೋಗಿ 985ರ ಆಸುಪಾಸಿನಲ್ಲಿ ಅಲ್ಲೇ ಕಣ್ಣು ಮುಚ್ಚಿದ. ಕಡಲು ದಾಟಿಸಿ ತಂದು ರೋಸ್ಕಿಲ್ಡ್ ಎಂಬಲ್ಲಿ, ಅವನೇ ಕಟ್ಟಿಸಿದ ಚರ್ಚಿನಲ್ಲಿ ಹೂಳಿದರು ಎಂದು ಹಳೆಯ ಬರಹ ಹೇಳುತ್ತದೆ. ಗೋರಿ ಮಾತ್ರ ಸಿಕ್ಕಿಲ್ಲ. ನಾಡನ್ನೆಲ್ಲ ಜೋಡಿಸಿದವನಿಗೆ ಮಗನನ್ನು ಜೋಡಿಸಿಕೊಳ್ಳಲು ಆಗಲಿಲ್ಲ. ಆ ಮಗ 1013ರಲ್ಲಿ ಇಂಗ್ಲೆಂಡಿಗೇ ರಾಜನಾದ, ಮರುವರ್ಷವೇ ಸತ್ತ.

ಇನ್ನು ಹಲ್ಲಿನ ವಿಷಯ. ಆ ಅಡ್ಡಹೆಸರು ಬರಹದಲ್ಲಿ ಕಾಣಿಸುವುದು ಅವನು ಸತ್ತು ನೂರು ವರ್ಷ ಕಳೆದ ಮೇಲೆ. ಹುಳುಕಾಗಿ ಕಪ್ಪಿಟ್ಟ ಹಲ್ಲು ಇತ್ತೇನೋ ಅಂತ ಊಹೆ. 1990ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯವರು ತಂತಿಯಿಲ್ಲದೆ ಯಂತ್ರಗಳನ್ನು ಜೋಡಿಸುವ ರೇಡಿಯೋ ಮಾಡಿದರು. ಬೇರೆ ಬೇರೆ ಕಂಪನಿಗಳು ಒಂದೇ ನಿಯಮಕ್ಕೆ ಬರಬೇಕಿತ್ತು. ಆಗ 1997ರಲ್ಲಿ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರು ವೈಕಿಂಗರ ಬಗ್ಗೆ ಓದಿ ಈ ರಾಜನ ಹೆಸರು ಸೂಚಿಸಿದರು. ತಾತ್ಕಾಲಿಕವಾಗಿ ಇಟ್ಟದ್ದು, ಬೇರೆ ಹೆಸರು ಕೂಡಿಬರಲಿಲ್ಲ, ಇದೇ ಉಳಿಯಿತು. ಅದರ ಗುರುತನ್ನು ಈ ಹಾಳೆಯ ಮೂಲೆಯಲ್ಲಿ ನಾನು ಬರೆದಿದ್ದೇನೆ, ನೋಡಿ. ಹರಾಲ್ಡನ ಎರಡು ರೂನ್ ಅಕ್ಷರ, ಹ ಮತ್ತು ಬ, ಒಂದರ ಮೇಲೊಂದು ಕೂತಿವೆ. ಸ್ವಲ್ಪ ಸೊಟ್ಟ ಬಂದಿದೆ, ಕ್ಷಮಿಸಿ.

ಇದನ್ನೆಲ್ಲ ಕಾರಿನಲ್ಲಿ ಮಾವನಿಗೆ ಹೇಳಿದೆ. ಅವರು ಮಗ ದಂಗೆ ಎದ್ದ ಭಾಗವನ್ನೇ ಎರಡು ಸಲ ಹೇಳಿಸಿದರು. ಸೆಟ್ಟಿನಲ್ಲಿ ಹಾಡು ಇವತ್ತಿಗೂ ಬರುವುದಿಲ್ಲ. ಫೋನ್ ಮಾಡಿದರೆ ಮಾತು ಕೇಳಿಸುತ್ತೆ, ಮಾವನ ಎರಡೂ ಕೈ ಸ್ಟೇರಿಂಗ್ ಮೇಲೆ ಇರುತ್ತೆ. ಅತ್ತೆಗೆ ಅಷ್ಟೇ ಸಾಕಂತೆ.