ಚಂದ್ರನ ನಡೆಯನ್ನು ಅಳೆದ ಸಾಮಂತ ಚಂದ್ರಶೇಖರ

ಒಡಿಶಾದ ಇಂದಿನ ನಯಾಗಢ ಜಿಲ್ಲೆಯಲ್ಲಿ ಖಂಡಪಡಾ ಎಂಬ ಊರಿದೆ. ಹಿಂದೆ ಅದು ಒಂದು ಪುಟ್ಟ ಸಂಸ್ಥಾನವಾಗಿತ್ತು. ಅಲ್ಲಿನ ರಾಜಮನೆತನದಲ್ಲಿ 1835ರ ಡಿಸೆಂಬರ್ 13ರಂದು ಚಂದ್ರಶೇಖರ ಸಿಂಹ ಸಾಮಂತರು ಜನಿಸಿದರು. ಮೊದಲು ಹುಟ್ಟಿದ ಮಕ್ಕಳು ಉಳಿಯದೆ ನೊಂದಿದ್ದ ತಂದೆತಾಯಿಗಳು ಈ ಮಗುವನ್ನು ಹರಕೆಯಂತೆ ಒಬ್ಬ ಮುಸ್ಲಿಂ ಫಕೀರನಿಗೆ ಒಪ್ಪಿಸಿ ಮರಳಿ ಪಡೆದರಂತೆ. ಹಾಗಾಗಿ ಮನೆಯಲ್ಲಿ ಇಟ್ಟ ಹೆಸರು ಪಠಾಣಿ. ಒಡಿಶಾದ ಜನ ಇಂದಿಗೂ ಅವರನ್ನು ಪ್ರೀತಿಯಿಂದ ಪಠಾಣಿ ಸಾಮಂತ ಎಂದೇ ಕರೆಯುತ್ತಾರೆ.

ಹೆಸರಿಗೆ ರಾಜವಂಶವಾದರೂ ಮನೆಯಲ್ಲಿ ಸಿರಿತನ ಇರಲಿಲ್ಲ. ಚಂದ್ರಶೇಖರರು ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲೇ ಸಂಸ್ಕೃತ ಕಲಿತರು. ಚಿಕ್ಕಪ್ಪನೊಬ್ಬರು ಬಾಲಕನಿಗೆ ನಕ್ಷತ್ರಗಳನ್ನು ಗುರುತಿಸಲು ಹೇಳಿಕೊಟ್ಟರು. ಹದಿನೈದರ ಹರೆಯಕ್ಕೆ ಮನೆಯ ತಾಳೆಗರಿ ಗ್ರಂಥಗಳನ್ನು ತಾವೇ ಓದಿಕೊಂಡು ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕಲು ಕಲಿತರು. ರಾತ್ರಿ ಅಂಗಳಕ್ಕೆ ಬಂದು ನೋಡಿದರೆ, ಗ್ರಂಥ ಹೇಳಿದ ಜಾಗದಲ್ಲಿ ಗ್ರಹ ಇರುತ್ತಿರಲಿಲ್ಲ. ಚಂದ್ರನೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಸುಮ್ಮನಾಗುತ್ತಿದ್ದರೇನೋ. ಸಾಮಂತರು ಆಕಾಶವನ್ನೇ ಅಳೆದು ನೋಡಲು ನಿರ್ಧರಿಸಿದರು.

ಚಂದ್ರ ಎಲ್ಲಿದ್ದಾನೆ ಎಂಬುದು ಅಷ್ಟೊಂದು ಮುಖ್ಯವಾದ ಪ್ರಶ್ನೆಯೇ? ಪಂಚಾಂಗದ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನ ಅರ್ಧ ಭಾಗದ ಮೇಲೆ ಸದಾ ಸೂರ್ಯನ ಬೆಳಕು ಬಿದ್ದೇ ಇರುತ್ತದೆ. ಆ ಬೆಳಗಿದ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದು ಅವನು ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಎಂಬುದನ್ನು ಅವಲಂಬಿಸಿದೆ. ಅಮಾವಾಸ್ಯೆಯಂದು ಚಂದ್ರ ಸೂರ್ಯನ ದಿಕ್ಕಿನಲ್ಲೇ ಇರುತ್ತಾನೆ. ಬೆಳಗಿದ ಮೈ ಆಚೆ ಕಡೆಗಿರುತ್ತದೆ. ಬಿದಿಗೆಯ ಹೊತ್ತಿಗೆ ಸ್ವಲ್ಪ ಪೂರ್ವಕ್ಕೆ ಸರಿದು, ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಎಳೆಯಂತೆ ಕಾಣುತ್ತಾನೆ. ಅಷ್ಟಮಿಯ ಹೊತ್ತಿಗೆ ಅಂತರ 90 ಡಿಗ್ರಿ, ಆಗ ಅರ್ಧಚಂದ್ರ. ಹುಣ್ಣಿಮೆಗೆ 180 ಡಿಗ್ರಿ. ಸೂರ್ಯ ಮುಳುಗುವಾಗ ಎದುರು ದಿಕ್ಕಿನಲ್ಲಿ ತುಂಬು ಚಂದ್ರ ಮೂಡುತ್ತಾನೆ. ಮುಂದೆ ಅದೇ ಕ್ರಮ ಹಿಂದುಮುಂದಾಗಿ ಕೃಷ್ಣಪಕ್ಷ ನಡೆಯುತ್ತದೆ.

ದಿನದಿನದ ಈ ವೃದ್ಧಿಕ್ಷಯಗಳಿಗೆ ಭೂಮಿಯ ನೆರಳು ಕಾರಣವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಗ್ರಹಣದಲ್ಲಿ ಮಾತ್ರ. ಚಂದ್ರನ ದಾರಿ ಸೂರ್ಯನ ದಾರಿಗೆ ಸ್ವಲ್ಪ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ. ಹಳೆಯ ಗ್ರಂಥಗಳಲ್ಲಿ ಈ ಓರೆ ನಾಲ್ಕೂವರೆ ಡಿಗ್ರಿ ಎಂದಿತ್ತು. ಸಾಮಂತರು ಅಳೆದು 5 ಡಿಗ್ರಿ 9 ಕಲೆ ಎಂದರು. ಇಂದಿನ ವಿಜ್ಞಾನ ಹೇಳುವ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ.

ಸೂರ್ಯ ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ ಕಳೆಯಿತು. ಮೂವತ್ತು ತಿಥಿಗೆ 360 ಡಿಗ್ರಿ. ಚಂದ್ರ ಒಂದೇ ವೇಗದಲ್ಲಿ ನಡೆದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಆದರೆ ಅವನು ಒಂದು ದಿನ 12 ಡಿಗ್ರಿಗಿಂತ ಕಡಿಮೆ ನಡೆದರೆ ಇನ್ನೊಂದು ದಿನ 15 ಡಿಗ್ರಿ ದಾಟುತ್ತಾನೆ. ಅದಕ್ಕೇ ಒಂದು ತಿಥಿ ಸುಮಾರು 20 ಗಂಟೆಗೆ ಮುಗಿದರೆ ಮತ್ತೊಂದು 26 ಗಂಟೆ ಮೀರುತ್ತದೆ.

ನಮ್ಮ ಪ್ರಾಚೀನರು ಈ ಏರುಪೇರಿಗೆ ಒಂದು ತಿದ್ದುಪಡಿ ಕೊಟ್ಟಿದ್ದರು. ಅವರು ತಮ್ಮ ಲೆಕ್ಕವನ್ನು ಮುಖ್ಯವಾಗಿ ಗ್ರಹಣಗಳಲ್ಲಿ ಪರೀಕ್ಷಿಸುತ್ತಿದ್ದರು. ಗ್ರಹಣವಾಗುವುದು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ. ಆ ದಿನಗಳಲ್ಲಿ ಹಳೆಯ ಲೆಕ್ಕ ಚೆನ್ನಾಗಿಯೇ ಕೂಡಿಬರುತ್ತಿತ್ತು. ಅಷ್ಟಮಿಯ ಅರ್ಧಚಂದ್ರನಲ್ಲಿ ಮಾತ್ರ ಎರಡೂವರೆ ಡಿಗ್ರಿಯವರೆಗೆ ತಪ್ಪು ಬರಬಹುದಿತ್ತು. ತಿಥಿಯ ಲೆಕ್ಕದಲ್ಲಿ ಅದು ಸುಮಾರು ಐದು ಗಂಟೆ!

ಸಾಮಂತರು ಚಂದ್ರನನ್ನು ಎಲ್ಲ ತಿಥಿಗಳಲ್ಲೂ ನೋಡಿದರು, ವರ್ಷಗಟ್ಟಲೆ ನೋಡಿದರು. ಹೀಗೆ ಅವರಿಗೆ ಇನ್ನೂ ಮೂರು ತಿದ್ದುಪಡಿಗಳು ಬೇಕೆಂದು ಕಂಡಿತು. ಅವುಗಳಿಗೆ ತುಂಗಾಂತರ, ಪಾಕ್ಷಿಕ, ದಿಗಂಶ ಎಂದು ಹೆಸರಿಟ್ಟರು. ಅರ್ಧಚಂದ್ರನ ದೊಡ್ಡ ತಪ್ಪನ್ನು ಸರಿಪಡಿಸುವುದು ತುಂಗಾಂತರ. ಪಾಕ್ಷಿಕವು ಹುಣ್ಣಿಮೆ, ಅಮಾವಾಸ್ಯೆ ಮತ್ತು ಅರ್ಧಚಂದ್ರನಲ್ಲಿ ಸೊನ್ನೆಯಾಗಿ, ನಡುವಿನ ದಿನಗಳಲ್ಲಿ ಬೆಳೆಯುತ್ತದೆ. ಏಕಾದಶಿಯ ಆಸುಪಾಸಿನಲ್ಲೂ ಅದು ಗರಿಷ್ಠವಾಗಿದ್ದು, ತಿಥಿಯನ್ನು ಒಂದು ಗಂಟೆಗೂ ಹೆಚ್ಚು ಆಚೀಚೆ ಮಾಡಬಲ್ಲದು. ಉಪವಾಸದ ದಿನವೇ ಬದಲಾಗಲು ಕೆಲವೊಮ್ಮೆ ಅಷ್ಟು ಸಾಕು. ದಿಗಂಶವು ವರ್ಷಕ್ಕೊಮ್ಮೆ ಸುತ್ತಿ ಬರುವ ಸಣ್ಣ ತಿದ್ದುಪಡಿ. ಯುರೋಪಿನ ವಿಜ್ಞಾನಿಗಳು ಇವನ್ನು ಮೊದಲೇ ಕಂಡುಕೊಂಡಿದ್ದರು. ಆದರೆ ಆ ಪುಸ್ತಕಗಳ ಸಹಾಯವಿಲ್ಲದೆ, ದೂರದರ್ಶಕವೂ ಇಲ್ಲದೆ, ಸಾಮಂತರು ಸ್ವಂತ ಕಣ್ಣಿನಿಂದ ಅಲ್ಲಿಗೆ ತಲುಪಿದರು.

ಉಪಕರಣಗಳನ್ನು ಅವರೇ ಮಾಡಿಕೊಂಡರು. ಮುಖ್ಯವಾದದ್ದು ಮಾನಯಂತ್ರ. 24 ಅಂಗುಲದ ಒಂದು ಕಡ್ಡಿ. ಅದರ ತುದಿಗೆ ಅಡ್ಡಲಾಗಿ ಇನ್ನೊಂದು ಕಡ್ಡಿ. ಅಡ್ಡಕಡ್ಡಿಯಲ್ಲಿ ಲೆಕ್ಕ ಹಾಕಿ ಕೊರೆದ ಗೀರುಗಳು ಮತ್ತು ತೂತುಗಳು. ಉದ್ದಕಡ್ಡಿಯ ಬುಡವನ್ನು ಕಣ್ಣಿಗೆ ಹಿಡಿದು, ಎರಡು ನಕ್ಷತ್ರಗಳು ಯಾವ ಗೀರುಗಳಿಗೆ ಸೇರುತ್ತವೆಂದು ನೋಡಿದರೆ ಅವುಗಳ ನಡುವಿನ ಕೋನ ತಿಳಿಯುತ್ತದೆ. ಇದರೊಂದಿಗೆ ಕಾಲ ಅಳೆಯಲು ನೀರಿನ ಗಡಿಯಾರ, ನೆರಳು ಅಳೆಯಲು ಶಂಕು. ಅಷ್ಟೇ.

1869ರಲ್ಲಿ, 34ನೆಯ ವಯಸ್ಸಿಗೆ, ಅವರು ‘ಸಿದ್ಧಾಂತ ದರ್ಪಣ’ ಗ್ರಂಥವನ್ನು ಮುಗಿಸಿದರು. ಸಂಸ್ಕೃತದ 2,500 ಶ್ಲೋಕಗಳು, ಒಡಿಯಾ ಲಿಪಿಯಲ್ಲಿ, ತಾಳೆಗರಿಯ ಮೇಲೆ. ಅಚ್ಚು ಹಾಕಿಸಲು ಹಣವಿರಲಿಲ್ಲ. ಆರೋಗ್ಯವೂ ಕೈಕೊಟ್ಟಿತ್ತು, ನಿದ್ರೆಗೆಟ್ಟ ರಾತ್ರಿಗಳು ದೇಹವನ್ನು ಹಣ್ಣು ಮಾಡಿದ್ದವು. ಗ್ರಂಥ ಮೂವತ್ತು ವರ್ಷ ಹಾಗೆಯೇ ಉಳಿಯಿತು. ಕಟಕ್‌ನ ರಾವೆನ್ಷಾ ಕಾಲೇಜಿನ ಅಧ್ಯಾಪಕ ಜೋಗೇಶಚಂದ್ರ ರಾಯ್ ಅವರು ಈ ಪ್ರತಿಭೆಯನ್ನು ಗುರುತಿಸಿ, ಇಂಗ್ಲಿಷಿನಲ್ಲಿ ದೀರ್ಘ ಮುನ್ನುಡಿ ಬರೆದರು. ಅಠಮಲ್ಲಿಕ್ ಮತ್ತು ಮಯೂರ್‌ಭಂಜ್‌ನ ರಾಜರು ನೆರವಾದರು. 1899ರಲ್ಲಿ ಪುಸ್ತಕ ಕಲ್ಕತ್ತದಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ‘ನೇಚರ್’ ಪತ್ರಿಕೆ ಅದನ್ನು ವಿಮರ್ಶಿಸಿ, ದೂರದರ್ಶಕಕ್ಕೂ ಮೊದಲಿನ ಮಹಾನ್ ವೀಕ್ಷಕ ಟೈಕೋ ಬ್ರಾಹೆಯೊಂದಿಗೆ ಸಾಮಂತರನ್ನು ಹೋಲಿಸಿತು. ಅದಕ್ಕೂ ಮೊದಲೇ, 1893ರಲ್ಲಿ, ಸರ್ಕಾರ ಮಹಾಮಹೋಪಾಧ್ಯಾಯ ಪದವಿ ನೀಡಿತ್ತು.

ಭೂಮಿ ಅಚಲ, ಸೂರ್ಯ ಅದನ್ನು ಸುತ್ತುತ್ತಾನೆ, ಉಳಿದ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ ಎಂದು ಸಾಮಂತರು ನಂಬಿದ್ದರು. ಅದು ಇಂದು ಒಪ್ಪಿತವಲ್ಲ. ಆದರೂ ಅವರ ಅಳತೆ ಕೆಡಲಿಲ್ಲ. ತಿಥಿಗೆ ಬೇಕಾದದ್ದು ಭೂಮಿಯಿಂದ ನೋಡಿದಾಗ ಸೂರ್ಯ ಚಂದ್ರರು ಇರುವ ದಿಕ್ಕು ಮಾತ್ರ. ಪುರಿಯ ಜಗನ್ನಾಥ ದೇವಾಲಯದ ಉತ್ಸವಾದಿಗಳಿಗೆ ಅವರ ಗಣನೆಯೇ ಆಧಾರವಾಯಿತು. 1904ರ ಜೂನ್ 11ರಂದು ಅದೇ ಪುರಿಯಲ್ಲಿ ಅವರು ಕಣ್ಣು ಮುಚ್ಚಿದರು. ಭುವನೇಶ್ವರದ ತಾರಾಲಯಕ್ಕೆ ಇಂದು ಪಠಾಣಿ ಸಾಮಂತರ ಹೆಸರಿದೆ.

ನಮ್ಮ ಹಳ್ಳಿಯ ಮಕ್ಕಳಿಗೆ ಪ್ರಯೋಗಾಲಯ ಸಾಲದೆಂದು ನಾವು ಆಗಾಗ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಆಕಾಶಕ್ಕೆ ಬಾಡಿಗೆ ಇಲ್ಲ. ಕೈ ನೀಡಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ ಅಳೆಯುತ್ತದೆ. ಬಿದಿಗೆಯಿಂದ ಹುಣ್ಣಿಮೆಯವರೆಗೆ, ಪ್ರತಿ ಸಂಜೆ ಸೂರ್ಯ ಮುಳುಗಿದ ಹೊತ್ತಿಗೆ, ಚಂದ್ರ ಎಷ್ಟು ಮುಷ್ಟಿ ಮೇಲೇರಿದ್ದಾನೆ, ಎಷ್ಟು ತುಂಬಿದ್ದಾನೆ ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ದಿನಕ್ಕೆ ಒಂದು ಮುಷ್ಟಿಗಿಂತ ತುಸು ಹೆಚ್ಚು ಅವನು ಸೂರ್ಯನಿಂದ ಸರಿಯುವುದು ಅವರ ಕಣ್ಣಿಗೇ ಕಾಣುತ್ತದೆ. ಖಂಡಪಡಾದ ಅಂಗಳದಲ್ಲಿ ಆರಂಭವಾದದ್ದೂ ಇಂಥದೇ ಕೆಲಸ.