ರೋಮ್ ನಗರವನ್ನು ಓದಿದ ಮೇಷ್ಟ್ರು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನು ಸಾಫ್ಟ್‌ವೇರ್ ಬಗ್ಗೆ ಬರೆಯುತ್ತೇನೆಂದು ಗೆಳೆಯರು ಎಣಿಸಿದ್ದರು. ಆದರೆ ನನಗೆ ಬರೆಯಬೇಕೆನಿಸಿದ್ದು ಒಬ್ಬ ಬಡ ಶಾಲಾ ಮೇಷ್ಟ್ರ ಬಗ್ಗೆ. ಅವರ ಹೆಸರು ಯೋಹಾನ್ ಯೋಕಿಮ್ ವಿಂಕೆಲ್‌ಮನ್. ಕಲೆಯ ಇತಿಹಾಸವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮೊದಲಿಗರು.

1717ರಲ್ಲಿ ಜರ್ಮನಿಯ ಸ್ಟೆಂಡಾಲ್ ಎಂಬ ಊರಿನಲ್ಲಿ ಅವರು ಹುಟ್ಟಿದರು. ತಂದೆಯದು ಚಪ್ಪಲಿ, ಬೂಟು ಹೊಲಿಯುವ ಕಸುಬು. ಓದಿನ ಖರ್ಚಿಗಾಗಿ ಬೇರೆ ಬಡ ಹುಡುಗರ ಜೊತೆ ಬೀದಿಯಲ್ಲಿ ಭಕ್ತಿಗೀತೆ ಹಾಡಿ ಕಾಸು ಕೂಡಿಸುತ್ತಿದ್ದರು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಣ್ಣು ಕಾಣದಂತಾಗುತ್ತಿತ್ತು. ಅವರು ಈ ಹುಡುಗನನ್ನು ಮನೆಯಲ್ಲೇ ಇಟ್ಟುಕೊಂಡರು. ಗುರುಗಳಿಗೆ ಓದಿ ಹೇಳುವುದು ಹುಡುಗನ ಕೆಲಸ. ಆ ಮನೆಯ ಪುಸ್ತಕಗಳೆಲ್ಲ ಅವನಿಗೆ ಸಿಕ್ಕಿದ್ದು ಹೀಗೆ.

ಮುಂದೆ ಸೀಹೌಸನ್ ಎಂಬ ಸಣ್ಣ ಊರಿನಲ್ಲಿ ಐದು ವರ್ಷ ಮೇಷ್ಟ್ರಾದರು. ಹಗಲೆಲ್ಲ ಮಕ್ಕಳಿಗೆ ಪಾಠ. ರಾತ್ರಿ ನಿದ್ದೆಗೆಟ್ಟು ಗ್ರೀಕ್ ಗ್ರಂಥಗಳ ಓದು. ಆಮೇಲೆ ಒಬ್ಬ ಶ್ರೀಮಂತರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ರೋಮ್ ನೋಡುವ ಹಂಬಲ ಎಷ್ಟಿತ್ತೆಂದರೆ, ಅದಕ್ಕಾಗಿ ಹುಟ್ಟಿದ ಪ್ರಾಟೆಸ್ಟೆಂಟ್ ಪಂಥ ಬಿಟ್ಟು 1754ರಲ್ಲಿ ಕ್ಯಾಥೊಲಿಕ್ ಆದರು. 1755ರ ನವೆಂಬರ್‌ನಲ್ಲಿ ರೋಮ್ ತಲುಪಿದಾಗ ಅವರಿಗೆ ಮೂವತ್ತೇಳು ವರ್ಷ. ಹೆಚ್ಚುಕಮ್ಮಿ ಈಗ ನನಗಿರುವ ವಯಸ್ಸು. ಈ ವಯಸ್ಸಿನಲ್ಲಿ ಹೊಸದೇನು ಕಲಿಯುವುದು ಎಂದುಕೊಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಅಲ್ಲಿ ಅವರು ಶಿಲ್ಪಗಳ ಹತ್ತಿರ ಹೋಗಿ, ಮತ್ತೆ ಮತ್ತೆ ನೋಡಿ ಕಲಿತರು. ಮುರಿದ ಹಳೆಯ ವಿಗ್ರಹಗಳಿಗೆ ಹೊಸ ತಲೆ, ಹೊಸ ಕೈ ಜೋಡಿಸುವುದು ಆಗ ವಾಡಿಕೆ. ಪಂಡಿತರು ಈ ಹೊಸ ತುಂಡುಗಳನ್ನೂ ಪ್ರಾಚೀನವೆಂದು ನಂಬಿ ಬರೆಯುತ್ತಿದ್ದರು. ವಿಂಕೆಲ್‌ಮನ್ ಯಾವುದು ಹಳತು, ಯಾವುದು ಜೋಡಿಸಿದ್ದು ಎಂದು ಬಿಡಿಸಿ ನೋಡಿದರು. ಕೆತ್ತನೆಯ ಶೈಲಿಯಿಂದಲೇ ಶಿಲ್ಪದ ಕಾಲವನ್ನು ಗುರುತಿಸಬಹುದೆಂದು ತೋರಿಸಿದರು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹೂತುಹಾಕಿದ್ದ ಹರ್ಕ್ಯುಲೇನಿಯಂ ನಗರವನ್ನು ಆಗ ನೇಪಲ್ಸ್ ಬಳಿ ಅಗೆಯುತ್ತಿದ್ದರು. ಅಲ್ಲಿ ಸಿಕ್ಕ ವಸ್ತುಗಳ ಚಿತ್ರ ಬರೆದುಕೊಳ್ಳಲು ನೋಡಬಂದವರಿಗೆ ಅಪ್ಪಣೆಯಿರಲಿಲ್ಲ. ಅವರು ಕಣ್ಣಲ್ಲಿ ತುಂಬಿಕೊಂಡು ಬಂದು, 1762ರಲ್ಲಿ ಅಲ್ಲಿನ ಅಧ್ವಾನವನ್ನು ಅಚ್ಚು ಹಾಕಿಸಿದರು. ಅಗೆತದ ಹೊಣೆ ಹೊತ್ತಿದ್ದವನು ಒಬ್ಬ ಸೈನ್ಯದ ಇಂಜಿನಿಯರ್. ಒಂದು ಶಾಸನದ ಕಂಚಿನ ಅಕ್ಷರಗಳನ್ನು ಅವನ ಜನ ನಕಲು ಮಾಡಿಕೊಳ್ಳದೆಯೇ ಗೋಡೆಯಿಂದ ಕಿತ್ತು ಬುಟ್ಟಿಗೆ ತುಂಬಿದ್ದರು. ಅಕ್ಷರಗಳೆಲ್ಲ ಉಳಿದವು, ಓದಲು ಮಾತ್ರ ಏನೂ ಉಳಿಯಲಿಲ್ಲ. ಇಂಜಿನಿಯರ್ ಆದ ನನಗೆ ಇದು ಚೆನ್ನಾಗಿ ನಾಟಿದೆ. ಡೇಟಾ ಎಷ್ಟೇ ಇರಲಿ, ಅದರ ಕ್ರಮ ತಪ್ಪಿದರೆ ಅದು ಬುಟ್ಟಿಯೊಳಗಿನ ಅಕ್ಷರಗಳಂತೆಯೇ.

1763ರಲ್ಲಿ ಪೋಪರ ಆಡಳಿತ ಅವರನ್ನು ರೋಮಿನ ಪ್ರಾಚೀನ ವಸ್ತುಗಳ ಮೇಲ್ವಿಚಾರಕರನ್ನಾಗಿ ನೇಮಿಸಿತು. ಮರುವರ್ಷ ಪ್ರಾಚೀನ ಕಲೆಯ ಇತಿಹಾಸ ಕುರಿತ ಅವರ ಮಹಾಗ್ರಂಥ ಹೊರಬಂತು. ಅವರು ಗ್ರೀಸ್ ದೇಶಕ್ಕೆ ಕಾಲಿಡಲೇ ಇಲ್ಲ. ಗ್ರೀಕರದೆಂದು ಅವರು ಕೊಂಡಾಡಿದ ಎಷ್ಟೋ ಶಿಲ್ಪಗಳು ರೋಮನ್ನರ ಕಾಲದ ಪ್ರತಿಗಳೆಂದು ನಂತರ ತಿಳಿಯಿತು. ಅದನ್ನು ಕಂಡುಹಿಡಿದವರು ಕೂಡ ಅವರು ಹಾಕಿದ ದಾರಿಯಲ್ಲೇ ನಡೆದವರು.

1768ರ ಜೂನ್‌ನಲ್ಲಿ, ವಿಯೆನ್ನಾದಲ್ಲಿ ರಾಣಿ ಮರಿಯಾ ತೆರೇಸಾ ಅವರಿಂದ ಪದಕಗಳ ಉಡುಗೊರೆ ಪಡೆದು ರೋಮ್‌ಗೆ ಮರಳುವಾಗ, ಟ್ರಿಯೆಸ್ಟ್ ಪಟ್ಟಣದ ವಸತಿಗೃಹದಲ್ಲಿ ಪರಿಚಯವಾದವನೊಬ್ಬ ಅವರನ್ನು ಇರಿದು ಕೊಂದ. ಆಗ ಅವರಿಗೆ ಐವತ್ತು ವರ್ಷ.

ನಮ್ಮ ಸುತ್ತಲಿನ ಊರುಗಳಲ್ಲೂ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳು ಬಿದ್ದಿವೆ. ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಕೆಲವು ಚರಂಡಿಗೆ ಚಪ್ಪಡಿಯಾಗಿವೆ. ಅವನ್ನು ಕಿತ್ತಿಡುವ ಮೊದಲು ಎಲ್ಲಿತ್ತು, ಹೇಗಿತ್ತು ಎಂದು ನಮ್ಮ ಶಾಲೆಯ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಅದಕ್ಕೆ ರೋಮ್‌ಗೆ ಹೋಗಬೇಕಾಗಿಲ್ಲ. ಜೊತೆಗೆ ನಡೆದು ಬರುವ ಒಬ್ಬ ಮೇಷ್ಟ್ರು ಇದ್ದರೆ ಆಯಿತು.