ಶಬ್ದಭಂಡಾರದ ಕಿಟ್ಟೆಲ್ ಪಂಡಿತರು

ಕನ್ನಡಿಗರಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಎಂಬ ಹೆಸರನ್ನು ಕೇಳದವರು ವಿರಳ. ಅವರ ನಿಘಂಟು ಹುಟ್ಟಿದ ಬಗೆಯನ್ನು ಬಲ್ಲವರಾದರೋ ಕೆಲವರೇ. ಮಕ್ಕಳ ಶಬ್ದಸಂಪತ್ತು ಹೇಗೆ ಬೆಳೆಯುವುದೆಂದು ಅರಿಯಬಯಸುವ ನಾವು ಆ ಮಹನೀಯರ ಜೀವಿತವನ್ನು ಅವಲೋಕಿಸುವುದು ಉಚಿತವು.

ಇವರು ೧೮೩೨ರಲ್ಲಿ ಜರ್ಮನಿಯ ಪೂರ್ವ ಫ್ರೀಸಿಯಾ ಸೀಮೆಯಲ್ಲಿ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದರು. ಬಾಸೆಲ್ ಮಿಶನ್ನಿನ ವಿದ್ಯಾಲಯದಲ್ಲಿ ಶಿಕ್ಷಣವನ್ನು ಹೊಂದಿ, ೧೮೫೩ರಲ್ಲಿ ಕನ್ನಡ ನಾಡಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿದ್ದು ಪಂಡಿತರಿಂದಲೂ ಪಾಮರರಿಂದಲೂ ನುಡಿಯನ್ನು ಕಲಿತರು. ಮೊದಲ ಪತ್ನಿಯ ಅಕಾಲಮರಣದ ದುಃಖವು ಬಂದೊದಗಿದರೂ ಕೈಕೊಂಡ ಕಾರ್ಯವನ್ನು ಬಿಡಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ ಅಚ್ಚಿಗೆ ಸಿದ್ಧಗೊಳಿಸಿದರು. ಬಹುವರ್ಷಗಳ ಶ್ರಮದಿಂದ ಸುಮಾರು ೭೦,೦೦೦ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅವರ ಕನ್ನಡ ವ್ಯಾಕರಣವು ೧೯೦೩ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ದೈವಾಧೀನರಾದರು.

ಅವರ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಾವ್ಯಗಳ ಶಬ್ದಗಳ ಪಕ್ಕದಲ್ಲಿಯೇ ಒಕ್ಕಲಿಗನ ಕೂರಿಗೆ, ಕುಂಟೆಗಳಿಗೂ, ಗೃಹಿಣಿಯ ಒನಕೆಗೂ ಅವರು ಸ್ಥಾನವನ್ನು ಕೊಟ್ಟರು. ಬರಿಯ ಅರ್ಥದಿಂದ ತೃಪ್ತರಾಗದೆ ಪ್ರಯೋಗವನ್ನೂ ಗಾದೆಯನ್ನೂ ಸೋದರ ಭಾಷೆಗಳ ರೂಪಗಳನ್ನೂ ಕೂಡಿಸಿದರು.

ಯಾದಗಿರಿ, ಶಹಾಪುರ, ಸುರಪುರಗಳ ನಮಗೆ ಇದು ದೊಡ್ಡ ಪಾಠವು. ೧೯೪೮ರವರೆಗೆ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕಚೇರಿಗೂ ಉನ್ನತ ಶಿಕ್ಷಣಕ್ಕೂ ಉರ್ದುವೇ ಆಧಾರವಾಗಿತ್ತು. ಕನ್ನಡವು ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ತಾಯಂದಿರ ಬಾಯಿಂದ ಉಳಿದುಬಂದಿತು. ಇಂದು ಟ್ರಾಕ್ಟರು ಬಂದಲ್ಲಿ ಕೂರಿಗೆಯೂ, ಗಿರಣಿ ಬಂದಲ್ಲಿ ಒನಕೆಯೂ ಮರೆಯಾಗುತ್ತಿವೆ. ವಸ್ತುವಿನೊಡನೆ ಶಬ್ದವೂ ಹೋಗುತ್ತಿದೆ. ಅಜ್ಜಿಯ ಮಾತನ್ನು ಒರಟೆಂದು ನಾಚುವ ಬಾಲಕಿಯು ತನಗರಿಯದೆಯೇ ತನ್ನ ತವರಿನ ಸಂಪತ್ತನ್ನು ಕಳೆದುಕೊಳ್ಳುವಳು.

ಆದುದರಿಂದ ಪ್ರಿಯ ಬಾಲಕಿಯರೇ, ಶಬ್ದಗಳ ಪಟ್ಟಿಯನ್ನು ಉರುಹೊಡೆಯುವುದರಿಂದ ಫಲವು ಅಲ್ಪ. ದಿನಕ್ಕೊಂದು ಹೊಸ ಮಾತನ್ನು ಮನೆಯ ಹಿರಿಯರಿಂದ ಕೇಳಿರಿ, ಅದನ್ನು ಆಡುವ ಸಂದರ್ಭವನ್ನು ತಿಳಿದು, ಸ್ವಂತ ವಾಕ್ಯದಲ್ಲಿ ಬರೆಯಿರಿ, ಗಾದೆಯಿದ್ದರೆ ಜೊತೆಗೂಡಿಸಿರಿ. ನೆರೆಮನೆಯ ತೆಲುಗು ಗೆಳತಿಯನ್ನೂ ವಿಚಾರಿಸಿರಿ. ನಮ್ಮ ಹಾಲು ಅವಳಿಗೆ ಪಾಲು. ನಮ್ಮ ಹಳಗನ್ನಡದಲ್ಲಿ ಅದು ಪಾಲ್. ಹೀಗೆ ಒಂದು ಶಬ್ದದಿಂದ ಮೂರು ದೊರೆಯುವುವು. ಚಿಕ್ಕ ತಂಗಿ ತಮ್ಮಂದಿರಿಗೂ ಅವುಗಳನ್ನು ಕಲಿಸಿರಿ.

ದೂರದೇಶದಿಂದ ಬಂದ ಒಬ್ಬರು ನಮ್ಮ ಮಾತುಗಳನ್ನು ಇಷ್ಟು ಪ್ರೀತಿಯಿಂದ ಕೂಡಿಟ್ಟಿರುವಾಗ, ಮನೆಯಲ್ಲಿಯೇ ಹುಟ್ಟಿದ ನಾವು ಅವನ್ನು ಚೆಲ್ಲಬಾರದಷ್ಟೆ.